ಮೌನದ ಮಂದಿರ

ಆಕಾಶವಾಣಿಗೆ ಮಾತೇ ಪ್ರಾಣ. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಜೀವನವೂ ಮಾತನ್ನೇ ನಂಬಿದ್ದು. ಆದರೂ ಈ ಹೊತ್ತು ನಾವು ಹೇಳಹೊರಟಿರುವುದು ಮಾತಿಗಿಂತ ಮೌನವೇ ಹಿರಿದೆಂದು ಬಗೆದ ಒಂದು ಹಳ್ಳಿಯ ಪ್ರಾರ್ಥನಾಮಂದಿರದ ಕಥೆಯನ್ನು.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಸೆಡ್‌ಬರ್ಗ್ ಎಂಬ ಊರಿನ ಬಳಿ, ಬ್ರಿಗ್‌ಫ್ಲ್ಯಾಟ್ಸ್ ಎಂಬ ಪುಟ್ಟ ಗ್ರಾಮವುಂಟು. ಹಿಂದೆ ಅಲ್ಲಿದ್ದವರು ನಾರುಬಟ್ಟೆಯ ನೇಕಾರರು. ಸುತ್ತಣ ಗುಡ್ಡಗಳಲ್ಲಿ ಕುರಿ ಸಾಕುವವರು. 1652ರಲ್ಲಿ ಜಾರ್ಜ್ ಫಾಕ್ಸ್ ಎಂಬ ನೇಕಾರನ ಮಗನು ಆ ಸೀಮೆಗೆ ಬಂದು, ಸಮೀಪದ ಫರ್‌ಬ್ಯಾಂಕ್ ಗುಡ್ಡದ ಮೇಲೆ ಸುಮಾರು ಒಂದು ಸಾವಿರ ಮಂದಿಗೆ ಮೂರು ಗಂಟೆಗಳ ಕಾಲ ಉಪದೇಶ ಮಾಡಿದನು. ದೈವದ ಬೆಳಕು ಎಲ್ಲರ ಅಂತರಂಗದಲ್ಲಿಯೂ ಇದೆ, ಅದನ್ನು ಕಾಣಲು ಪುರೋಹಿತನ ಹಂಗು ಬೇಡ ಎಂಬುದೇ ಅವನ ಬೋಧೆಯ ಸಾರ.

ಅವನ ಅನುಯಾಯಿಗಳು ತಮ್ಮನ್ನು 'ಮಿತ್ರರು' ಎಂದು ಕರೆದುಕೊಂಡರು. ಲೋಕವು ಹಾಸ್ಯಕ್ಕಾಗಿ 'ಕ್ವೇಕರ್', ಎಂದರೆ ನಡುಗುವವರು, ಎಂದಿತು. ಹೆಸರು ನಡುಗುವವರೆಂದಾದರೂ ಅಂಜಿದವರಲ್ಲ. ನ್ಯಾಯಾಧಿಪತಿಯ ಮುಂದೆಯೂ ಟೊಪ್ಪಿಗೆ ತೆಗೆಯರು, ಆಣೆಯಿಡರು. ದೊರೆಯನ್ನೂ ಆಳನ್ನೂ ಒಂದೇ ಏಕವಚನದಲ್ಲಿ ಸಂಬೋಧಿಸುವರು. 'ನೀನು' 'ನೀವು'ಗಳ ಅಂತರವನ್ನು ಬಲ್ಲ ನಮಗೆ ಆ ಸಾಹಸ ಎಷ್ಟರದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥವರು ಆರಾಧನೆಗಾಗಿ ಒಟ್ಟುಗೂಡುವುದೇ ಆಗ ಅಪರಾಧ. ಸಾವಿರಾರು ಜನ ಸೆರೆಮನೆ ಕಂಡರು. ಅಂಥ ಕಾಲದಲ್ಲಿ, 1675ರಲ್ಲಿ, ಬ್ರಿಗ್‌ಫ್ಲ್ಯಾಟ್ಸಿನ ಮಿತ್ರರು ತಮ್ಮ ಮಂದಿರವನ್ನು ಬಹಿರಂಗವಾಗಿ ಕಟ್ಟಿದರು. ಕಾನೂನು ಅವರನ್ನು ಸಹಿಸಲು ಒಪ್ಪಿದ್ದು 1689ರಲ್ಲಿ!

ಸುಣ್ಣ ಬಳಿದ ಕಲ್ಲುಗೋಡೆ, ಮರದ ಬೆಂಚುಗಳು, ಒಂದು ಅಟ್ಟ. ಪೂಜಾಪೀಠವಿಲ್ಲ, ವಿಗ್ರಹವಿಲ್ಲ. ಮೆಟ್ಟಿಲ ಬುಡದಲ್ಲಿ ಕುರಿಗಾಹಿಗಳ ನಾಯಿಗಳಿಗಾಗಿ ಪುಟ್ಟದೊಂದು ದೊಡ್ಡಿ. ಒಡೆಯರು ಮೌನವಾಗಿ ಕುಳಿತಿರುವಷ್ಟು ಹೊತ್ತು ನಾಯಿಗಳು ಅಲ್ಲಿ ಕಾದಿರಬೇಕು. ಅಂತಃಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತಾಡುವರು. ಇಲ್ಲವಾದರೆ ಮೌನವೇ ಪ್ರಾರ್ಥನೆ.

ಈ ಮೌನದಿಂದ ಲೋಕಕ್ಕೇನು ಫಲ ಎಂದು ಯಾರಾದರೂ ಕೇಳಬಹುದು. ಮಿತ್ರರಲ್ಲಿ ಅನೇಕರು ಕಡಲು ದಾಟಿ ಅಮೆರಿಕದಲ್ಲಿ ನೆಲಸಿದ್ದರು. ಎಲ್ಲರಲ್ಲಿಯೂ ಬೆಳಕುಂಟೆಂದು ನಂಬಿದ ಅವರಲ್ಲಿಯೇ ಕೆಲವರು ಕರಿಯ ಜನರನ್ನು ಗುಲಾಮರಾಗಿ ಇರಿಸಿಕೊಂಡಿದ್ದರು. ಜಾನ್ ವುಲ್ಮನ್ ಎಂಬ ದರ್ಜಿಯು ಅಂಥವರ ಮನೆಗಳಿಗೆ ತಾನಾಗಿ ಹೋಗಿ, ಕಟುನುಡಿಯಾಡದೆ, ಅವರ ಅಂತಸ್ಸಾಕ್ಷಿಯನ್ನು ಎಚ್ಚರಿಸಿದನು. ಅವನು ತೀರಿದ್ದು 1772ರಲ್ಲಿ. ನಾಲ್ಕು ವರ್ಷಗಳ ಮೇಲೆ ಫಿಲಡೆಲ್ಫಿಯದ ಮಿತ್ರಸಭೆಯು ಗುಲಾಮರನ್ನಿಟ್ಟುಕೊಂಡವರಿಗೆ ತನ್ನಲ್ಲಿ ಸ್ಥಾನವಿಲ್ಲವೆಂದು ವಿಧಿಸಿತು. 1783ರಲ್ಲಿ ಇಂಗ್ಲೆಂಡಿನ ಮಿತ್ರರು ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದರು. 1787ರಲ್ಲಿ ಅದರ ನಿಷೇಧಕ್ಕೆಂದು ಲಂಡನ್ನಿನಲ್ಲಿ ಕೂಡಿದ ಹನ್ನೆರಡು ಜನರಲ್ಲಿ ಒಂಬತ್ತು ಮಂದಿ ಮಿತ್ರರೇ. 1807ರಲ್ಲಿ ನಿಷೇಧವು ಶಾಸನವಾಯಿತು.

ಪರರ ದೋಷವನ್ನು ಸಾರಲು ಮಾತು ಸಾಕು. ತನ್ನ ದೋಷ ತನಗೆ ಕೇಳಿಸಬೇಕಾದರೆ ಮೌನವೇ ಬೇಕು. ಆ ನೇಕಾರರ ಮಂದಿರ ಕಲಿಸುವ ಪಾಠವಿದು. ಇಂದಿಗೂ ಭಾನುವಾರಗಳಲ್ಲಿ ಅಲ್ಲಿ ಜನ ಕೂಡಿ ಸುಮ್ಮನೆ ಕುಳಿತುಕೊಳ್ಳುತ್ತಾರೆ. ಅವರನ್ನು ಕುರಿತು ಇಷ್ಟು ಮಾತಾಡಿದ್ದೇ ಹೆಚ್ಚಾಯಿತೇನೋ. ಇನ್ನು ನಾವೂ ಸುಮ್ಮನಾಗುತ್ತೇವೆ.