ಪಟ್ಟಣದ ಮನೆ, ಹೊಲದ ಸಾಲ

(ದೇವನೂರಿನಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ನಾವು ಸೇರಿದಾಗಲೆಲ್ಲ ಬೆಲೆಯ ಮಾತು, ಸಾಲದ ಮಾತು ಆಡ್ತೀವಿ. ಇವತ್ತು ಬಾಡಿಗೆ ಮನೆಯ ಮಾತು ಆಡಬೇಕಾಗಿದೆ. ರೈತನಿಗೂ ಬಾಡಿಗೆ ಮನೆಗೂ ಏನು ಸಂಬಂಧ ಅಂತ ಕೇಳಬೇಡಿ. ನಂಜನಗೂಡಿನ ಹೊಸ ಬಡಾವಣೆಗಳಲ್ಲಿ, ತಾಂಡ್ಯದ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ, ಮೈಸೂರಿನ ಅಂಚಿನಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಟ್ಟವರಲ್ಲಿ ನಮ್ಮವರೂ ಇದ್ದಾರೆ. ನಾಳೆ ಕಟ್ಟಬೇಕು ಅಂತ ನಿವೇಶನ ನೋಡಿಕೊಂಡು ಬಂದವರೂ ಇಲ್ಲಿ ಕೂತಿದ್ದೀರಿ.

ಈ ಆಸೆ ತಪ್ಪಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ದರ ಶೇಕಡ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಆ ದುಡ್ಡನ್ನು 14 ದಿನದೊಳಗೆ ಕೊಡಬೇಕು ಅಂತ 1966ರ ಆದೇಶವೇ ಇದ್ದರೂ ಅದಕ್ಕಾಗಿ ರೈತ ಬೀದಿಗೆ ಇಳಿಯುವುದು ತಪ್ಪಿಲ್ಲ. ಕಾರ್ಖಾನೆಯ ನೌಕರ ತಿಂಗಳ ಮೊದಲಲ್ಲೇ ಸಂಬಳ ಎಣಿಸುವುದನ್ನು ನೋಡಿದಾಗ, ನಮಗೂ ತಿಂಗಳಿಗೆ ಇಷ್ಟು ಅಂತ ಬಂದರೆ ಮಕ್ಕಳ ಫೀಸಿಗಾದರೂ ಆಗ್ತದೆ ಅನ್ನಿಸುವುದು ಸಹಜ. ನಾನು ಕೇಳೋದು ಇಷ್ಟೇ: ಕಟ್ಟುವ ದುಡ್ಡು ಎಲ್ಲಿಂದ ತರ್ತೀರಿ?

ಒಂದು ಲೆಕ್ಕ ಹಾಕೋಣ. ನಿವೇಶನ ನಿಮ್ಮದೇ ಇದೆ ಅಂತಿಟ್ಟುಕೊಳ್ಳಿ. ಎರಡು ಮನೆ ಕಟ್ಟೋಕೆ ಬ್ಯಾಂಕಿನಿಂದ 20 ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 9ರಂತೆ ಬಡ್ಡಿ, 15 ವರ್ಷದ ವಾಯಿದೆ. ತಿಂಗಳ ಕಂತು 20,285 ರೂಪಾಯಿ. ಮನೆಗೆ 6 ಸಾವಿರದಂತೆ ಎರಡು ಮನೆಗೆ ಬಾಡಿಗೆ 12 ಸಾವಿರ. ಕೊರತೆ ತಿಂಗಳಿಗೆ 8,285. ವರ್ಷಕ್ಕೆ 99,420. ಮನೆ ಒಂದು ತಿಂಗಳೂ ಖಾಲಿ ಬೀಳದೆ, ಸುಣ್ಣಬಣ್ಣ, ನಲ್ಲಿ ರಿಪೇರಿ, ಕಂದಾಯ ಏನೂ ಇಲ್ಲದೆ ಬಂದ ಲೆಕ್ಕ ಇದು. ಆ ಕೊರತೆ ತುಂಬೋಕೆ ಟನ್ನಿಗೆ 3,550ರಂತೆ 28 ಟನ್ ಕಬ್ಬು ಹೋಗ್ತದೆ. ಕಡಿಯುವ ಕೂಲಿ, ಗೊಬ್ಬರ ಆ ಲೆಕ್ಕಕ್ಕೆ ಸೇರಿಲ್ಲ. ಹೊಲಕ್ಕೆ ಆಸರೆಯಾಗಲಿ ಅಂತ ಮನೆ ಕಟ್ಟಿದಿರಿ. ಈಗ ಹೊಲವೇ ಮನೆಯನ್ನು ಸಾಕ್ತಾ ಇದೆ! ಮುಂದೆ ಮನೆಯ ಬೆಲೆ ಏರ್ತದೆ ಅನ್ನಬಹುದು. ಏರಲಿ. ಆದರೆ ಏರಿದ ಬೆಲೆ ಮಾರಿದಾಗ ಮಾತ್ರ ಕೈಗೆ ಬರುವುದು. ಕಂತು ಪ್ರತಿ ತಿಂಗಳೂ ಬಾಗಿಲಿಗೆ ಬರುವುದು.

ಇನ್ನೊಂದು ಮಾತು ಗಮನವಿಟ್ಟು ಕೇಳಿ. ಭತ್ತ, ರಾಗಿಯಂಥ ಅಲ್ಪಾವಧಿ ಬೆಳೆಯ ಸಾಲವನ್ನು ಬ್ಯಾಂಕು ವಸೂಲಾಗದ ಸಾಲ ಅಂತ ಬರೆಯಬೇಕಾದರೆ ಎರಡು ಬೆಳೆ ಹಂಗಾಮು ಬಾಕಿ ಉಳಿಯಬೇಕು. ಮನೆ ಸಾಲಕ್ಕೆ 90 ದಿನ ಸಾಕು. ಆಮೇಲೆ 2002ರ ಸರ್ಫೇಸಿ ಕಾಯ್ದೆ ಇದೆ. ಕೃಷಿ ಭೂಮಿಯ ಅಡಮಾನಕ್ಕೆ ಅದು ತಗಲುವುದಿಲ್ಲ. ಮನೆ ಅಡವಿಟ್ಟರೆ ತಗಲುತ್ತದೆ. 60 ದಿನದ ನೋಟೀಸು ಕೊಟ್ಟು, ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡದೆಯೇ ಬ್ಯಾಂಕು ಸ್ವಾಧೀನಕ್ಕೆ ಬರಬಹುದು. 1980ರ ದಶಕದಲ್ಲಿ ಜಪ್ತಿಗೆ ಬಂದವರ ಎದುರು ರೈತ ಸಂಘ ನಿಂತಾಗ ನಮ್ಮ ಬಾಯಲ್ಲಿ ಒಂದು ನ್ಯಾಯ ಇತ್ತು: ಬೆಳೆಗೆ ಬೆಲೆ ಕೊಡದೆ ನಮ್ಮನ್ನು ಸಾಲಗಾರರು ಮಾಡಿದವರು ನೀವು, ಬಾಕಿದಾರರು ನೀವೇ ಅಂತ. ಪಟ್ಟಣದ ಬಾಡಿಗೆ ಮನೆಯ ಸಾಲಕ್ಕೆ ಆ ಮಾತು ಆಡೋಕಾಗ್ತದೆಯೇ? ಆಗುವುದಿಲ್ಲ. ಅಲ್ಲಿ ನಾವು ಒಬ್ಬಂಟಿ.

ಬ್ಯಾಂಕಿಗೆ ಹೆದರಿದವರು ಹಿಡಿಯುವ ಎರಡನೆಯ ದಾರಿ ಭೋಗ್ಯ. ಮೈಸೂರು ಕಡೆ ಇದು ಬಳಕೆಯಲ್ಲಿದೆ. ಬಂದವರು ಒಂದೇ ಸಲಕ್ಕೆ ಗಂಟು ಕೊಡ್ತಾರೆ; ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರ್ತಾರೆ; ಬಿಡುವಾಗ ಅಷ್ಟೂ ಗಂಟು ಎಣಿಸಿಕೊಂಡು ಹೋಗ್ತಾರೆ. ನಮಗೆ ಈ ಪದ ಹೊಸದಲ್ಲ. ನಮ್ಮ ತಾತಂದಿರು ಸಾಲ ತಂದು, ಹೊಲವನ್ನು ಭೋಗ್ಯಕ್ಕೆ ಹಾಕಿ, ಬಡ್ಡಿಯ ಬದಲು ಫಸಲನ್ನೇ ಸಾಹುಕಾರನಿಗೆ ಬಿಟ್ಟುಕೊಟ್ಟವರು. ಈಗ ಹೊಲದ ಜಾಗದಲ್ಲಿ ಮನೆ ಬಂದಿದೆ, ಅಷ್ಟೇ ವ್ಯತ್ಯಾಸ. ಆವತ್ತು ಕಣ್ಣೀರು ಹಾಕಿಕೊಂಡು ಭೋಗ್ಯಕ್ಕೆ ಹಾಕುತ್ತಿದ್ದೆವು. ಇವತ್ತು ಮನೆ ಮಾಲೀಕರಾದೆವು ಅಂತ ನಗುನಗುತ್ತ ಹಾಕ್ತೀವಿ.

ಅದರ ಬಡ್ಡಿ ಎಷ್ಟು ಗೊತ್ತೇ? 6 ಸಾವಿರ ಬಾಡಿಗೆ ಬರುವ ಮನೆಗೆ 5 ಲಕ್ಷ ಭೋಗ್ಯ ತಗೊಂಡಿರಿ ಅನ್ನಿ. ತಿಂಗಳಿಗೆ 6 ಸಾವಿರ ಬಿಟ್ಟಿರಿ. ನೂರಕ್ಕೆ ತಿಂಗಳಿಗೆ 1 ರೂಪಾಯಿ 20 ಪೈಸೆ ಆಯ್ತು. ವರ್ಷಕ್ಕೆ ನೂರಕ್ಕೆ 14 ರೂಪಾಯಿ 40 ಪೈಸೆ. 2023ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಸಂಘದಲ್ಲಿ ಕೇಳಿದಷ್ಟು ಸಿಗುವುದಿಲ್ಲ, ಅದು ಬೇರೆ ಜಗಳ, ಆ ಜಗಳ ನಾವು ಮಾಡಲೇಬೇಕು. ಆದರೆ ಅದನ್ನು ಬಿಟ್ಟು 14 ರೂಪಾಯಿ ಬಡ್ಡಿಯ ಸಾಲವನ್ನು 'ವರಮಾನ' ಅಂತ ಪೆಟ್ಟಿಗೆಯಲ್ಲಿ ಮಡಗಿಕೊಳ್ಳಬೇಡಿ.

ಆ ಗಂಟು ಎಲ್ಲಿ ಹೋಗ್ತದೆ? ಮಗಳ ಮದುವೆಗೆ, ಕೊಳವೆ ಬಾವಿಗೆ. ಮೂರನೇ ವರ್ಷ ಭೋಗ್ಯದಾರ 'ನಮ್ಮ ದುಡ್ಡು ಕೊಡಿ ಯಜಮಾನರೇ' ಅಂತಾರೆ. ಅವರದೂ ತಪ್ಪಿಲ್ಲ, ಅವರೂ ಕಷ್ಟಪಟ್ಟು ಕೂಡಿಸಿದ ದುಡ್ಡೇ. ಆಗ ಇನ್ನೊಬ್ಬರನ್ನು ಹುಡುಕಿ, ಅವರ ಹತ್ತಿರ ತಗೊಂಡು ಇವರಿಗೆ ಕೊಡುವುದು. ಹೊಸಬರು ಬೇಗ ಸಿಗದಿದ್ದರೆ ಕೈಸಾಲ, ಕೈಸಾಲಕ್ಕೆ ಹೊಲದ ಪತ್ರ. ಪಟ್ಟಣದ ಮನೆಯ ಬಾಗಿಲಿನಿಂದ ಹೊರಟ ಸಾಲ ಕೊನೆಗೆ ಬಂದು ನಿಲ್ಲುವುದು ನಮ್ಮ ಹೊಲದ ಬದುವಿನ ಮೇಲೆ.

ಹಾಗಾದರೆ ಮನೆ ಕಟ್ಟಲೇಬಾರದೇ? ಕಟ್ಟಿ. ಲೆಕ್ಕ ಕಟ್ಟಿ, ಆಮೇಲೆ ಗೋಡೆ ಕಟ್ಟಿ.

ಒಂದು, ಹೊಲದ ಪತ್ರವನ್ನು ಮನೆಗಾಗಿ ಅಡ ಇಡಬೇಡಿ. ಕೈಯಲ್ಲಿ ಇದ್ದಷ್ಟಕ್ಕೆ ಒಂದೇ ಮನೆ ಆಗಲಿ. ಸಾಲ ಮಾಡಲೇಬೇಕಾದರೆ ಕಂತು ಬಾಡಿಗೆಗಿಂತ ಕಡಿಮೆ ಇರಲಿ; ವರ್ಷಕ್ಕೆ ಹತ್ತು ತಿಂಗಳ ಬಾಡಿಗೆ ಮಾತ್ರ ಬರ್ತದೆ ಅಂತ ಲೆಕ್ಕ ಹಿಡಿಯಿರಿ.

ಎರಡು, ಭೂಪರಿವರ್ತನೆ ಆಗದ ಜಮೀನಿನಲ್ಲಿ ಕಲ್ಲು ನೆಟ್ಟು ಮಾರುವ ರೆವಿನ್ಯೂ ನಿವೇಶನದ ಅಗ್ಗಕ್ಕೆ ಮರುಳಾಗಬೇಡಿ. 2024ರ ಅಕ್ಟೋಬರಿನಿಂದ ಪಟ್ಟಣದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯ. ಖಾತೆ, ಪರಿವರ್ತನೆ ಆದೇಶ, ಋಣಭಾರ ಪತ್ರ ನೋಡದೆ ಮುಂಗಡ ಕೊಡಬೇಡಿ.

ಮೂರು, ಭೋಗ್ಯ ತಗೊಳ್ಳಲೇಬೇಕಾದರೆ ಆ ಗಂಟನ್ನು ಮನೆಯ ಸಾಲ ತೀರಿಸುವುದಕ್ಕೆ ಬಿಟ್ಟು ಬೇರೆಯದಕ್ಕೆ ಮುಟ್ಟಬೇಡಿ. ವಾಪಸು ಕೊಡಲು ಮೊದಲ ತಿಂಗಳಿಂದಲೇ ಬೇರೆ ಖಾತೆಯಲ್ಲಿ ದುಡ್ಡು ಕೂಡಿಸಿ. ವ್ಯವಹಾರ ಬ್ಯಾಂಕಿನ ಮೂಲಕ ಆಗಲಿ, ಕರಾರು ಬರವಣಿಗೆಯಲ್ಲಿ ಇರಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರು ನೋಂದಣಿ ಆಗಬೇಕು.

ನಾಲ್ಕು, ಬಾಡಿಗೆದಾರನಿಗೆ ಹೆದರಿ ಮನೆ ಖಾಲಿ ಇಡಬೇಡಿ. 1974ರಲ್ಲಿ ಉಳುವವನೇ ಒಡೆಯ ಆದದ್ದನ್ನು ಕಂಡ ಹಿರಿಯರಿಗೆ, ಇದ್ದವನೇ ಮನೆಯೊಡೆಯ ಆಗಿಬಿಟ್ಟಾನು ಅನ್ನುವ ಅಂಜಿಕೆ ಇದೆ. ಆ ಕಾನೂನು ಗೇಣಿ ಜಮೀನಿಗೆ. ಪಟ್ಟಣದ ಬಾಡಿಗೆ ಮನೆಗಲ್ಲ. ಹಾಗೆಯೇ 'ಯಾವ ಜನ ನೀವು?' ಅಂತ ಕೇಳಿ ಬಂದವರನ್ನು ಬಾಗಿಲಿನಿಂದ ಕಳಿಸಬೇಡಿ. ನಮ್ಮ ಮಕ್ಕಳೂ ಓದಿಗೆ, ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿ ಮನೆ ಹುಡುಕಿಕೊಂಡು ಅಲೆಯುತ್ತಿದ್ದಾರೆ. ಬಾಡಿಗೆ ಕಟ್ಟುವ ಕೈ ನೋಡಿ, ಜಾತಿ ಕೇಳಬೇಡಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಬೆಳೆಗೆ ಖರ್ಚೆಷ್ಟು, ಬೆಲೆಯೆಷ್ಟು ಅಂತ ಸರ್ಕಾರವನ್ನು ಲೆಕ್ಕ ಕೇಳುವ ನಾವು, ನಮ್ಮ ಮನೆಯ ಲೆಕ್ಕವನ್ನು ಕೇಳಿಕೊಳ್ಳದೆ ಇರಬಾರದು. ಸಾಲದ ಕಾಗದಕ್ಕೆ ರುಜು ಹಾಕುವ ಮುಂಚೆ ಊರಿನಲ್ಲಿ ನಾಲ್ಕು ಜನ ಕೂತು, ಹೆಂಗಸರನ್ನೂ ಕೂರಿಸಿಕೊಂಡು, ಒಂದು ಹಾಳೆಯಲ್ಲಿ ಕಂತು, ಬಾಡಿಗೆ, ಖಾಲಿ ತಿಂಗಳು, ರಿಪೇರಿ ಬರೆದು ಕೂಡಿ ಕಳೆಯಿರಿ. ಉಳಿದರೆ ಕಟ್ಟಿ. ಉಳಿಯದಿದ್ದರೆ ಹೊಲ ಉಳಿಸಿಕೊಳ್ಳಿ.