ಶಾಲೆಯ ಸಲಹಾ ಪೆಟ್ಟಿಗೆ: ಬೀಗದ ಕೈ ಯಾರ ಬಳಿ?

(ಜಯಲಕ್ಷ್ಮಿಪುರಂನಲ್ಲಿ ಮುಖ್ಯ ಶಿಕ್ಷಕರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ತರಬೇತಿಯಲ್ಲಿ ಪಿ.ಡಿ.ಒ. ಒಬ್ಬರು ಮಾಡಿದ ಭಾಷಣದ ಪಠ್ಯ)



ಮಕ್ಕಳ ಗ್ರಾಮಸಭೆಗೆ ಮುನ್ನ ಶಾಲೆಗಳಲ್ಲಿ ಸಲಹಾ ಪೆಟ್ಟಿಗೆ ಇರಿಸುವುದು ರೂಢಿ. ಶೌಚಾಲಯದಲ್ಲಿ ನೀರಿಲ್ಲ, ಕಾಂಪೌಂಡ್ ಕುಸಿದಿದೆ ಎಂಬ ಚೀಟಿಗಳು ನಮ್ಮ ಕ್ರಿಯಾಯೋಜನೆಗೆ ಸೇರತಕ್ಕವು. ಆದರೆ ಹೆಸರಿಲ್ಲದೆ, "ಶಾಲೆಗೆ ಬರಲು ಭಯವಾಗುತ್ತದೆ" ಎಂಬ ಒಂದೇ ಸಾಲಿನ ಚೀಟಿಯೂ ಅದರಲ್ಲಿ ಇರಬಹುದು. ಮಗು ಯಾರಿಗೆ ಅಂಜಿದೆಯೋ ಅವರ ಬಳಿಯೇ ಬೀಗದ ಕೈ ಇದ್ದರೆ ಆ ಪೆಟ್ಟಿಗೆಯಿಂದ ಪ್ರಯೋಜನವೇನು?

ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದ್ದರಿಂದ ಪೆಟ್ಟಿಗೆಗೆ ಎರಡು ಬೀಗ ಹಾಕಿ, ಒಂದರ ಕೈಯನ್ನು ಸಮಿತಿಯ ತಾಯಿಯೊಬ್ಬರಿಗೆ ಕೊಡುವುದು ಲೇಸು. ತೆರೆಯುವ ದಿನ ಮಕ್ಕಳಿಗೆ ಮೊದಲೇ ತಿಳಿದಿರಲಿ.

ಗೋಡೆ ಪತ್ರಿಕೆಯ ನಿಯಮಗಳನ್ನು ಮಕ್ಕಳೇ ಕುಳಿತು ಬರೆಯಲಿ. ನಾವು ಬರೆದುಕೊಟ್ಟರೆ ಅದು ಮತ್ತೊಂದು ಸುತ್ತೋಲೆಯಾಗುತ್ತದೆ. ಸುತ್ತೋಲೆಗಳನ್ನು ನಾವೇ ಎಷ್ಟು ಓದುತ್ತೇವೆಂಬುದು ಇಲ್ಲಿರುವವರಿಗೆಲ್ಲ ಗೊತ್ತು! ಸಹಪಾಠಿಯ ಜಾತಿ, ಅಂಕ, ಮೈಬಣ್ಣ ಕುರಿತ ಅಣಕ ಬೇಡ. ಮನೆಯ ವಿಳಾಸ, ಫೋನ್ ಸಂಖ್ಯೆ ಬೇಡ. ಒಪ್ಪದ ಬರಹವನ್ನು ಕಾರಣ ಹೇಳಿ ಬರೆದವರಿಗೇ ಹಿಂತಿರುಗಿಸಬೇಕು, ಹರಿದು ಎಸೆಯಬಾರದು. ಪೋಷಕರ ವಾಟ್ಸಾಪ್ ಗುಂಪಿಗೂ ಇದೇ ಮಿತಿ ಅನ್ವಯಿಸಲಿ: ಒಂದು ಮಗುವಿನ ಗೈರುಹಾಜರಿ, ಅಂಕಗಳ ಚರ್ಚೆಗೆ ಅದು ಸ್ಥಳವಲ್ಲ.

ಇನ್ನು ಸಂಪರ್ಕದ ಮಾತು. ಒಂದೇ ಕೊಳವೆಬಾವಿಯನ್ನು ನಂಬಿ ಊರಿಗೆ ನೀರಿನ ಯೋಜನೆ ರೂಪಿಸುವ ಇಂಜಿನಿಯರ್ ಇಲ್ಲ. ಮಗುವಿಗೂ ಒಂದೇ ದಾರಿ ಸಾಲದು. ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112, ಈ ಎರಡನ್ನೂ ಮಗುವಿನ ಕಣ್ಣಿನ ಎತ್ತರದಲ್ಲಿ ಬರೆಸಿ. ಕೈಯಲ್ಲಿ ಫೋನ್ ಇಲ್ಲದ ಮಗುವಿಗಾಗಿ, ನೇರವಾಗಿ ಹೋಗಿ ಮಾತನಾಡಬಹುದಾದ ಇಬ್ಬರ ಹೆಸರಿರಲಿ; ಅವರಲ್ಲೊಬ್ಬರು ಶಾಲೆಯ ಹೊರಗಿನವರಾಗಿರಲಿ.

ಚೀಟಿಯಲ್ಲಿ ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಸಮಿತಿ ಸಭೆ ಕರೆದು ಚರ್ಚಿಸುವ, ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವ ಅಧಿಕಾರ ನಮಗಾರಿಗೂ ಇಲ್ಲ. ಪೋಕ್ಸೊ ಕಾಯ್ದೆ, 2012ರ 19ನೇ ಪ್ರಕರಣದಂತೆ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಪ್ರಕರಣದಡಿ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಶಾಲೆಯ ಹೆಸರು ಕೆಡುತ್ತದೆಂಬ ಮಾತು ಆಗ ಕೇಳಿಬರುವುದುಂಟು. ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿಯಿಲ್ಲ. ಚೀಟಿಯ ಫೋಟೋ ತೆಗೆದು ಯಾವ ಗುಂಪಿಗೂ ಕಳುಹಿಸಬೇಡಿ. ಅಕ್ಷರ ನೋಡಿಯೇ ಮಗುವನ್ನು ಗುರುತಿಸುವವರಿದ್ದಾರೆ.

ಉಳಿದ ಚೀಟಿಗಳನ್ನು ವಹಿಯಲ್ಲಿ ದಾಖಲಿಸಿ, ಆದದ್ದೇನು, ಆಗದ್ದೇಕೆ ಎಂಬುದನ್ನು ಅದೇ ಗೋಡೆ ಪತ್ರಿಕೆಯಲ್ಲಿ ಪ್ರಕಟಿಸಿರಿ. ಪಂಚಾಯಿತಿಯ ಪಾಲಿನ ಉತ್ತರವನ್ನು ಪಿ.ಡಿ.ಒ. ಸಹಿ ಮಾಡಿಯೇ ಕಳುಹಿಸಬೇಕು.