ಶಾಲೆಯ ನಾಟಕ ಮತ್ತು ಬರೆದವರ ಒಪ್ಪಿಗೆ

ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆಯ ಶಾಲೆಗಳಲ್ಲಿ ನಾಟಕದ ಮಾತು ಶುರುವಾಗುತ್ತದೆ. ಮಕ್ಕಳಿಗೆ ಹಾಡು, ಕುಣಿತ ತುಂಬಿದ ನಾಟಕವೇ ಆಗಬೇಕು. ಯಾರಿಗೆ ಯಾವ ಪಾತ್ರ, ಬಣ್ಣ ಹಚ್ಚುವವರು ಯಾರು, ಹಾರ್ಮೋನಿಯಂ ಎಲ್ಲಿಂದ ತರುವುದು ಎಂದು ಚರ್ಚೆ ನಡೆಯುತ್ತದೆ. ನಾಟಕ ಬರೆದವರನ್ನು ಕೇಳಬೇಕೇ ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಏಳುವುದಿಲ್ಲ. ತಾಲೀಮಿಗೆ ಮೊದಲೇ ಏಳಬೇಕಾದ ಪ್ರಶ್ನೆ ಅದು.

ಹಾಡಿನ ನಾಟಕದಲ್ಲಿ ಒಬ್ಬರದಲ್ಲ, ಹಲವರ ದುಡಿಮೆ ಇರುತ್ತದೆ. ಬಿ.ವಿ. ಕಾರಂತರ 'ಪಂಜರ ಶಾಲೆ'ಯನ್ನೇ ತೆಗೆದುಕೊಳ್ಳಿ. ಅದಕ್ಕೆ ಮೂಲ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಈ ಅವಧಿ ಮೊದಲು 50 ವರ್ಷವಿತ್ತು. ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಹೆಚ್ಚಿಸಿದರು. 1941ರಲ್ಲಿ ತೀರಿಕೊಂಡ ಠಾಕೂರರ ಕಥೆ ಹೀಗೆ 2001ರ ಕೊನೆಗೆ ಎಲ್ಲರದಾಯಿತು. ಆದರೆ ಕಾರಂತರು ನಮ್ಮನ್ನಗಲಿದ್ದು 2002ರಲ್ಲಿ. ಅವರು ಕಟ್ಟಿದ ಕನ್ನಡ ನಾಟಕದ ಹಕ್ಕು 2062ರ ಕೊನೆಯವರೆಗೂ ಇರುತ್ತದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯೂ ಹಾಗೆಯೇ. ಮೂಲದ ಇಂಗ್ಲಿಷ್ ಕವಿ ಬ್ರೌನಿಂಗ್ ತೀರಿಕೊಂಡದ್ದು 1889ರಲ್ಲಿ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಸಂಗೀತದ ಮೇಷ್ಟ್ರು ಅದಕ್ಕೆ ಹೊಸ ರಾಗ ಹಾಕಿದರೂ ಪದಗಳು ಕುವೆಂಪು ಅವರವೇ. ಬೇರೆಯವರ ರಾಗ ಎತ್ತಿಕೊಂಡರೆ ಆ ಸಂಯೋಜಕರ ಹಕ್ಕು, ಧ್ವನಿಸುರುಳಿ ಹಾಕಿ ಕುಣಿಸಿದರೆ ಅದನ್ನು ಮುದ್ರಿಸಿದ ಕಂಪನಿಯ ಹಕ್ಕು ಸೇರಿಕೊಳ್ಳುತ್ತದೆ. ಪದ, ಸಂಗೀತ, ಧ್ವನಿಮುದ್ರಣ ಈ ಮೂರನ್ನೂ ಕಾಯ್ದೆ ಬೇರೆ ಬೇರೆಯಾಗಿಯೇ ಕಾಣುತ್ತದೆ.

ಬಡ ಶಾಲೆಗಳ ಮೇಲೆ ಇಷ್ಟೆಲ್ಲ ಹೊರೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಆಕ್ಷೇಪವೇ, ಕಾಯ್ದೆ ಮಾಡಿದವರೂ ಅದನ್ನು ಯೋಚಿಸಿದ್ದಾರೆ. ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ನಾಟಕವಾಡಿ, ಅವರು, ಮಕ್ಕಳ ತಂದೆತಾಯಿ, ಪೋಷಕರು, ಶಾಲೆಯ ಕೆಲಸದಲ್ಲಿ ಭಾಗಿಗಳಾದವರು ಮಾತ್ರ ನೋಡಿದರೆ, 52ನೇ ಕಲಮಿನಲ್ಲಿ ಅದಕ್ಕೆ ವಿನಾಯಿತಿ ಇದೆ. ಹವ್ಯಾಸಿ ಸಂಘಗಳು ಹಣ ತೆಗೆದುಕೊಳ್ಳದೆ ಆಡುವ ನಾಟಕಕ್ಕೂ ಅಲ್ಲಿ ರಿಯಾಯಿತಿ ಉಂಟು. ಕಟ್ಟಡ ನಿಧಿಗೆಂದು ಟಿಕೆಟ್ ಇಟ್ಟು ಊರನ್ನೆಲ್ಲ ಕರೆದರೆ ಮಾತು ಬೇರೆ. ಲಾಭ ಮಾಡುತ್ತಿಲ್ಲವಲ್ಲ ಎಂಬ ಸಮಾಧಾನ ಅಲ್ಲಿ ಸಾಲದು. ಇಂದು ಇನ್ನೂ ದೊಡ್ಡ ತೊಡಕು ಮೊಬೈಲಿನದು. ಇಡೀ ನಾಟಕವನ್ನು ಯೂಟ್ಯೂಬಿಗೆ ಹಾಕಿದರೆ ಪ್ರೇಕ್ಷಕರು ಪೋಷಕರಷ್ಟೇ ಆಗಿ ಉಳಿಯುವುದಿಲ್ಲ, ಅಂಗಳಕ್ಕಿದ್ದ ವಿನಾಯಿತಿ ಅಲ್ಲಿಗೆ ಹಿಂಬಾಲಿಸುವುದೂ ಇಲ್ಲ.

ನಮ್ಮ ಕಡೆ ಬಯಲಾಟ, ಪೌರಾಣಿಕ ನಾಟಕ ಯಾರಪ್ಪಣೆಯೂ ಇಲ್ಲದೆ ನಡೆದು ಬಂದಿವೆಯಲ್ಲ ಎಂಬುದು ಇನ್ನೊಂದು ವಾದ. ಮಹಾಭಾರತ ಎಲ್ಲರದು, ಬಯಲಾಟದ ಹಳೆಯ ಮಟ್ಟುಗಳೂ ಎಲ್ಲರವು. ಅವನ್ನು ಬಳಸಿ ಶಾಲೆಯೇ ಹೊಸ ನಾಟಕ ಬರೆದರೆ ಯಾರನ್ನೂ ಕೇಳಬೇಕಿಲ್ಲ. ಆದರೆ 'ರಕ್ತರಾತ್ರಿ' ಬರೀ ಮಹಾಭಾರತವಲ್ಲ, ಕಂದಗಲ್ಲ ಹನುಮಂತರಾಯರು ಕೂತು ಬರೆದ ಕೃತಿ. ಬಳ್ಳಾರಿ ರಾಘವರು, ಜೋಳದರಾಶಿ ದೊಡ್ಡನಗೌಡರು ಬಾಳಿದ ಈ ಬಳ್ಳಾರಿ ಜಿಲ್ಲೆಯಲ್ಲಿ ನಟನ ಹೆಸರು ಮನೆಮನೆಗೂ ಗೊತ್ತು. ನಾಟಕಕಾರನ ಹೆಸರು ಕರಪತ್ರದಲ್ಲೂ ಬಿಟ್ಟುಹೋಗುವುದು ಸರಿಯಲ್ಲ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕನ್ನೂ 57ನೇ ಕಲಮು ಲೇಖಕರಿಗೆ ಕೊಟ್ಟಿದೆ.

ಅಮೆರಿಕದಲ್ಲಿ 1952ರಿಂದ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್‌ನಂಥ ಸಂಸ್ಥೆ ಸಂಗೀತ ನಾಟಕಗಳಿಗೆ ಪರವಾನಗಿ ಕೊಡುತ್ತಿದೆ. ಶಾಲೆಗಳೂ ಶುಲ್ಕ ಕಟ್ಟಿ ಆಡುತ್ತವೆ. ನಮ್ಮಲ್ಲಿ ದಾರಿ ಇನ್ನೂ ಸರಳ. ಎಷ್ಟೋ ನಾಟಕದ ಪುಸ್ತಕಗಳ ಒಳಪುಟದಲ್ಲೇ ಪ್ರದರ್ಶನಕ್ಕೆ ಅನುಮತಿ ಬೇಕೆಂದು ಅಚ್ಚಾಗಿರುತ್ತದೆ, ಪ್ರಕಾಶಕರ ವಿಳಾಸವೂ ಇರುತ್ತದೆ. ಮುಖ್ಯೋಪಾಧ್ಯಾಯರು ಲೇಖಕರಿಗೆ, ಅವರಿಲ್ಲದಿದ್ದರೆ ವಾರಸುದಾರರಿಗೆ ಒಂದು ಪತ್ರ ಕಳಿಸಲಿ. ನಾಟಕದ ಹೆಸರು, ದಿನಾಂಕ, ಎಷ್ಟು ಪ್ರದರ್ಶನ, ಟಿಕೆಟ್ ಇದೆಯೇ, ಏನಾದರೂ ಬದಲಿಸುತ್ತೀರಾ, ವಿಡಿಯೊ ಹಾಕುತ್ತೀರಾ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ತಿಳಿಸಲಿ. ಉತ್ತರವನ್ನು ಲಿಖಿತವಾಗಿಯೇ ಪಡೆದು ಶಾಲೆಯ ಕಡತದಲ್ಲಿಡಿ. ಒಪ್ಪಿಗೆ ಕೇಳುವ ಪತ್ರವನ್ನು ನಾಟಕದಲ್ಲಿ ಪಾತ್ರ ಮಾಡುವ ಮಕ್ಕಳ ಕೈಯಲ್ಲೇ ಬರೆಸಿ ಎಂದು ಶಿಕ್ಷಕರಲ್ಲಿ ನನ್ನ ವಿನಂತಿ.